ವಲಸಿಗರ ಮನೆಯ ಹುಡುಗ: ಜಮ್ಶೆಡ್‌ಜಿ ಟಾಟಾ

ಬೆಂಗಳೂರಿನ ಹಳೇ ಆಟೋ ಡ್ರೈವರ್‌ಗಳ ಹತ್ರ ಐಐಎಸ್‌ಸಿ ಅಂದ್ರೆ ಒಂದು ಕ್ಷಣ ಯೋಚನೆ ಮಾಡ್ತಾರೆ. ಟಾಟಾ ಇನ್‌ಸ್ಟಿಟ್ಯೂಟ್ ಅಂದ್ರೆ ಸಾಕು, ಥಟ್ಟನೆ ಮೀಟರ್ ಹಾಕ್ತಾರೆ (ಹಾಕೋ ಮನಸ್ಸಿದ್ದರೆ!). ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅಂತ ಒಂದು ಏರಿಯಾ ಇದೆ. ಅಲ್ಲಿ ಈಗ ರೇಷ್ಮೆಹುಳುವೂ ಇಲ್ಲ, ಹಿಪ್ಪುನೇರಳೆ ತೋಟವೂ ಇಲ್ಲ. ಹೆಸರು ಮಾತ್ರ ಗಟ್ಟಿಯಾಗಿ ಉಳಿದುಕೊಂಡಿದೆ.

ಈ ಎರಡೂ ಹೆಸರಿನ ಹಿಂದೆ ಇರುವವರು ಜಮ್ಶೆಡ್‌ಜಿ ನುಸ್ಸರ್‌ವಾನ್‌ಜಿ ಟಾಟಾ. ಅವರು ಕನ್ನಡಿಗರಲ್ಲ, ಬೆಂಗಳೂರಿನಲ್ಲಿ ಮನೆ ಮಾಡಿದವರೂ ಅಲ್ಲ. ಗುಜರಾತಿನ ನವಸಾರಿಯಲ್ಲಿ ಹುಟ್ಟಿ, ಬಾಂಬೆಯಲ್ಲಿ ಬೆಳೆದು, ಹಾಂಗ್‌ಕಾಂಗ್‌ನಲ್ಲಿ ವ್ಯಾಪಾರ ಕಲಿತು, ನಾಗ್ಪುರದಲ್ಲಿ ಮಿಲ್ ಕಟ್ಟಿ, ಜರ್ಮನಿಯಲ್ಲಿ ತೀರಿಕೊಂಡು, ಇಂಗ್ಲೆಂಡಿನಲ್ಲಿ ಸಮಾಧಿಯಾದವರು. ಶಾಲೆಯ ಪುಸ್ತಕದಲ್ಲಿ ಅವರನ್ನ ಭಾರತೀಯ ಉದ್ಯಮದ ಪಿತಾಮಹ ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾವು ಆ ಸಾಲನ್ನ ಬಿಟ್ಟು, ಅವರ ಓಡಾಟವನ್ನ ಹಿಂಬಾಲಿಸೋಣ ಅಂತ ಹೊರಟಿದ್ದೇವೆ. ಯಾಕಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಹೊಸಬರು ಸಿಕ್ಕಾಗ ನಾವೆಲ್ಲ ಕೇಳೋ ಮೊದಲ ಪ್ರಶ್ನೆ, ಯಾವ ಊರು ನಿಮ್ದು ಅನ್ನೋದು. ಆ ಪ್ರಶ್ನೆಗೆ ಜಮ್ಶೆಡ್‌ಜಿ ಬದುಕಿನಲ್ಲಿ ಒಂದು ಸಾಲಿನ ಉತ್ತರ ಸಿಗೋದಿಲ್ಲ.

ಹಾಲು, ಸಕ್ಕರೆ

ಮೊದಲು ಅವರ ಸಮುದಾಯದ ಕಥೆ. ಪಾರ್ಸಿಗಳು ಇರಾನ್‌ನಿಂದ ಬಂದವರು. ಅಲ್ಲಿ ಅರಬರ ಆಳ್ವಿಕೆ ಬಂದ ಮೇಲೆ, ಜರತುಷ್ಟ್ರ ಧರ್ಮವನ್ನ ಬಿಡಲು ಒಪ್ಪದ ಕೆಲವರು ಹಡಗು ಹತ್ತಿ ಗುಜರಾತಿನ ಕರಾವಳಿಗೆ ಬಂದರು. ಇದು ನಡೆದು ಸಾವಿರ ವರ್ಷಕ್ಕೂ ಮೇಲಾಯಿತು. ಅವರು ಬಂದಿಳಿದ ಊರು ಸಂಜಾನ್. ಈ ಪ್ರಯಾಣದ ಕಥೆಯನ್ನ 1599ರ ಸುಮಾರಿಗೆ ಅರ್ಚಕರೊಬ್ಬರು ಪರ್ಷಿಯನ್ ಪದ್ಯದಲ್ಲಿ ಬರೆದಿಟ್ಟರು.

ಇದರ ಜೊತೆಗೆ ಬಾಯಿಂದ ಬಾಯಿಗೆ ಬಂದ ಇನ್ನೊಂದು ಕಥೆ ನಿಮಗೂ ಗೊತ್ತಿರಬಹುದು. ಅಲ್ಲಿನ ರಾಜ ತುಂಬಿದ ಹಾಲಿನ ಬಟ್ಟಲು ಕಳಿಸಿ, ನಮ್ಮಲ್ಲಿ ಜಾಗ ಇಲ್ಲ ಅಂತ ಸೂಚಿಸಿದನಂತೆ. ಬಂದವರ ಗುರು ಅದಕ್ಕೆ ಸಕ್ಕರೆ ಬೆರೆಸಿ ವಾಪಸ್ ಕಳಿಸಿದನಂತೆ. ಹಾಲು ಚೆಲ್ಲಲಿಲ್ಲ, ಸಿಹಿ ಆಯ್ತು. ಇದು ಇತಿಹಾಸ ಅಲ್ಲ, ಐತಿಹ್ಯ. ಆದರೆ ರಾಜ ಹಾಕಿದ ಅಂತ ಹೇಳುವ ಷರತ್ತುಗಳು ಗಮನಿಸಬೇಕಾದವು: ಇಲ್ಲಿನ ಭಾಷೆ ಆಡಬೇಕು, ಹೆಂಗಸರು ಇಲ್ಲಿನ ಉಡುಪು ಉಡಬೇಕು, ಆಯುಧ ಕೆಳಗಿಡಬೇಕು. ಬಂದವರು ಒಪ್ಪಿಕೊಂಡರು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಗುಜರಾತಿ ಅವರ ಮನೆಮಾತಾಯಿತು. ಆದರೆ ಬೆಂಕಿಯನ್ನ ಮಾತ್ರ ಆರಲು ಬಿಡಲಿಲ್ಲ. ಸಂಜಾನ್‌ನಲ್ಲಿ ಪ್ರತಿಷ್ಠೆ ಮಾಡಿದ ಪವಿತ್ರ ಅಗ್ನಿ ಊರಿಂದ ಊರಿಗೆ ಹೋಗಿ, ಈಗ ಉದ್ವಾಡಾದಲ್ಲಿ ಉರಿಯುತ್ತಿದೆ. ಹಾಗಾಗಿ ಸಕ್ಕರೆ ಪೂರ್ತಿ ಕರಗಿಹೋಯ್ತು ಅನ್ನೋದು ಅರ್ಧ ಸತ್ಯ ಮಾತ್ರ.

ಅರ್ಚಕರ ಮನೆಯಿಂದ ಬಾಂಬೆಗೆ

ಜಮ್ಶೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು. ನವಸಾರಿ ಪಾರ್ಸಿ ಅರ್ಚಕರ ಊರು, ಆಗ ಬರೋಡಾದ ಗಾಯಕವಾಡರ ಆಳ್ವಿಕೆಯಲ್ಲಿತ್ತು. ತಲೆತಲಾಂತರದಿಂದ ಪೂಜೆ ಮಾಡಿಕೊಂಡು ಬಂದ ಮನೆತನ ಇವರದು. ಅಪ್ಪ ನುಸ್ಸರ್‌ವಾನ್‌ಜಿ ಮಾತ್ರ ಆ ದಾರಿ ಬಿಟ್ಟು, ವ್ಯಾಪಾರ ಮಾಡ್ತೀನಿ ಅಂತ ಬಾಂಬೆಗೆ ಹೋದರು. ಆ ಮನೆತನದಲ್ಲಿ ಹಾಗೆ ಹೋದವರಲ್ಲಿ ಅವರೇ ಮೊದಲಿಗರು.

ಬಾಂಬೆಯೇ ಯಾಕೆ ಅನ್ನೋದಕ್ಕೂ ಕಾರಣ ಇದೆ. ಈಸ್ಟ್ ಇಂಡಿಯಾ ಕಂಪನಿಗೆ ಆ ದ್ವೀಪಗಳನ್ನ ಊರು ಮಾಡಬೇಕಿತ್ತು. ಅದಕ್ಕೆ ವ್ಯಾಪಾರಿಗಳು ಬೇಕು, ಕುಶಲಕರ್ಮಿಗಳು ಬೇಕು. ಯಾವ ಧರ್ಮದವರಾದರೂ ಬನ್ನಿ, ನಿಮ್ಮ ಪೂಜೆಗೆ ಅಡ್ಡಿ ಮಾಡೋದಿಲ್ಲ ಅಂತ ಕಂಪನಿ ಜನರನ್ನ ಕರೆಯಿತು. ಸೂರತ್‌ನಿಂದ ಪಾರ್ಸಿಗಳು, ಬನಿಯಾಗಳು, ಬೋಹ್ರಾಗಳು ಬಂದರು. 1736ರಲ್ಲಿ ಸೂರತ್‌ನಿಂದ ಬಂದ ಲವ್‌ಜಿ ವಾಡಿಯಾ ಅವರ ಮನೆತನ ತಲೆಮಾರುಗಟ್ಟಲೆ ಬಾಂಬೆಯಲ್ಲಿ ತೇಗದ ಹಡಗು ಕಟ್ಟಿತು. 1817ರಲ್ಲಿ ಅವರು ಬ್ರಿಟಿಷ್ ನೌಕಾಪಡೆಗೆ ಕಟ್ಟಿಕೊಟ್ಟ ಟ್ರಿಂಕೋಮಲಿ ಅನ್ನೋ ಹಡಗು ಇವತ್ತಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. ಅಂದರೆ ಬಾಂಬೆ ಅನ್ನೋ ಊರನ್ನ ಕಟ್ಟಿದವರಲ್ಲಿ ಬಹುಪಾಲು ಜನ ಹೊರಗಿಂದ ಬಂದವರೇ.

ಸುಮಾರು 14 ವರ್ಷಕ್ಕೆ ಜಮ್ಶೆಡ್‌ಜಿ ಅಪ್ಪನ ಹತ್ತಿರ ಬಂದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ಮುಗಿಸಿದರು. ಓದುವಾಗಲೇ ಹೀರಾಬಾಯಿ ದಾಬೂ ಅವರ ಜೊತೆ ಮದುವೆ ಆಗಿತ್ತು. ಹಿಂದಿನ ವರ್ಷ ತಾನೇ ದಂಗೆ ನಡೆದಿತ್ತು. ಕಂಪನಿ ಸರ್ಕಾರ ಹೋಗಿ ರಾಣಿಯ ಸರ್ಕಾರ ಬಂತು. ಡಿಗ್ರಿ ಮುಗಿಸಿದ ಹುಡುಗ ಅಪ್ಪನ ಅಂಗಡಿಗೆ ಸೇರಿಕೊಂಡರು.

ಹಾಂಗ್‌ಕಾಂಗ್: ಹತ್ತಿ ಮತ್ತು ಅಫೀಮು

1859ರಲ್ಲಿ ಅಪ್ಪ ಮಗನನ್ನ ಹಾಂಗ್‌ಕಾಂಗ್‌ಗೆ ಕಳಿಸಿದರು. ವಯಸ್ಸು 20. ನಮ್ಮಲ್ಲಿ ಆ ವಯಸ್ಸಿನವರು ಇಂಟರ್ನ್‌ಶಿಪ್ ಹುಡುಕುತ್ತಿರುತ್ತೇವೆ. ಅವರು ಅಲ್ಲಿ ಹೊಸ ಬ್ರಾಂಚ್ ತೆರೆಯಬೇಕಿತ್ತು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಬಾಂಬೆಯಿಂದ ಚೀನಾಕ್ಕೆ ಹೋಗುತ್ತಿದ್ದ ಸರಕು ಹತ್ತಿ ಮತ್ತು ಅಫೀಮು. ಅಲ್ಲಿಂದ ಬರುತ್ತಿದ್ದದ್ದು ಚಹಾ, ರೇಷ್ಮೆ, ಕರ್ಪೂರ, ದಾಲ್ಚಿನ್ನಿ, ತಾಮ್ರ. ಟಾಟಾ ಸಂಸ್ಥೆಯೂ ಇದೇ ವ್ಯಾಪಾರ ಮಾಡಿತು, ಅಫೀಮನ್ನೂ ಮಾರಿತು. ಅದು ಆಗ ಕಾನೂನಿಗೆ ವಿರುದ್ಧ ಆಗಿರಲಿಲ್ಲ. ಚೀನಾ ತಡೆಯಲು ಹೋದಾಗ ಬ್ರಿಟನ್ ಯುದ್ಧ ಮಾಡಿ ಬಾಗಿಲು ತೆರೆಸಿತ್ತು. ಜಮ್ಶೆಡ್‌ಜಿ ಅಲ್ಲಿಗೆ ಹೋದಾಗ ಎರಡನೇ ಅಫೀಮು ಯುದ್ಧ ಇನ್ನೂ ಮುಗಿದಿರಲಿಲ್ಲ. ಆ ಲಾಭಕ್ಕೆ ಬೆಲೆ ತೆತ್ತವರು ಚೀನಾದ ಸಾಮಾನ್ಯ ಜನ. ಬಾಂಬೆಯ ಎಷ್ಟೋ ಆಸ್ಪತ್ರೆ, ಶಾಲೆ, ಧರ್ಮಶಾಲೆಗಳು ಈ ವ್ಯಾಪಾರದ ದುಡ್ಡಿನಿಂದ ಎದ್ದವು. ದೇಶ ಕಟ್ಟಿದ ಬಂಡವಾಳ ಎಲ್ಲಿಂದ ಬಂತು ಅಂತ ಕೇಳಿದಾಗ ಇದನ್ನೂ ಲೆಕ್ಕಕ್ಕೆ ತಗೋಬೇಕು. ಮಹಾನ್ ವ್ಯಕ್ತಿಗಳ ಜೀವನಚರಿತ್ರೆಯಲ್ಲಿ ಈ ಪುಟ ಸಾಮಾನ್ಯವಾಗಿ ಬೇಗ ಮಗುಚಿಹೋಗುತ್ತೆ.

ಹಾಂಗ್‌ಕಾಂಗ್, ಶಾಂಘೈನಲ್ಲಿ ಜಮ್ಶೆಡ್‌ಜಿ ಕಲಿತದ್ದು ಬಹಳ. ಒಂದು ಕಡೆ ಬೆಳೆದ ಹತ್ತಿ ಇನ್ನೊಂದು ಕಡೆ ನೂಲಾಗಿ, ಮತ್ತೊಂದು ಕಡೆ ಬಟ್ಟೆಯಾಗಿ ಮಾರಾಟ ಆಗುವಾಗ ಲಾಭ ಯಾರ ಕೈಯಲ್ಲಿ ನಿಲ್ಲುತ್ತೆ ಅನ್ನೋದು ಅವರಿಗೆ ಅಲ್ಲೇ ಕಾಣಿಸಿತು.

ದಿವಾಳಿ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ದಕ್ಷಿಣದ ಬಂದರುಗಳು ಮುಚ್ಚಿದವು, ಲ್ಯಾಂಕಾಷೈರ್ ಮಿಲ್‌ಗಳಿಗೆ ಹತ್ತಿ ನಿಂತುಹೋಯ್ತು. ಎಲ್ಲರೂ ಬಾಂಬೆ ಕಡೆ ತಿರುಗಿದರು. ಹತ್ತಿ ಬೆಲೆ ಗಗನಕ್ಕೇರಿತು. ಬಾಂಬೆಯಲ್ಲಿ ದುಡ್ಡು ಎಷ್ಟು ಹರಿಯಿತು ಅಂದ್ರೆ, ದಿನಕ್ಕೊಂದು ಬ್ಯಾಂಕ್, ದಿನಕ್ಕೊಂದು ಕಂಪನಿ ಹುಟ್ಟುವ ಹಾಗೆ ಕಾಣುತ್ತಿತ್ತು. ಈಗಿನ ಸ್ಟಾರ್ಟಪ್ ಜ್ವರ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನಲ್ಲಿ ಒಂದು ಭಾರತೀಯ ಬ್ಯಾಂಕ್ ತೆರೆಯುವ ಯೋಜನೆ ಹಿಡಿದು ಜಮ್ಶೆಡ್‌ಜಿ ಅಲ್ಲಿಗೆ ಹೊರಟರು.

1865ರಲ್ಲಿ ಅಮೆರಿಕದ ಯುದ್ಧ ಮುಗೀತು. ಹತ್ತಿ ಬೆಲೆ ಬಿತ್ತು. ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದವು. ಲಂಡನ್ನಿನಲ್ಲಿದ್ದ ಜಮ್ಶೆಡ್‌ಜಿ ಕೈಯಲ್ಲಿದ್ದ ಹುಂಡಿಗಳು ಬರೀ ಕಾಗದವಾದವು. ಅವರು ತಪ್ಪಿಸಿಕೊಂಡು ಓಡಲಿಲ್ಲ. ಸಾಲ ಕೊಟ್ಟವರ ಮುಂದೆ ಹೋಗಿ ಇದ್ದ ಪರಿಸ್ಥಿತಿಯನ್ನ ಇದ್ದ ಹಾಗೆ ಇಟ್ಟರು. ಅವರ ನೇರತನ ನೋಡಿ, ಸಾಲಗಾರರು ಲೆಕ್ಕ ತೀರಿಸುವ ಕೆಲಸಕ್ಕೆ ಅವರನ್ನೇ ನೇಮಿಸಿದರು. ತಿಂಗಳಿಗೆ 20 ಪೌಂಡ್ ಸಂಬಳ. ಇತ್ತ ಅಪ್ಪ ಬಾಂಬೆಯ ಮನೆ ಮಾರಿ ಸಾಲ ಕಟ್ಟಿದರು.

ನೋಡಿ, ಯಾವುದೋ ಖಂಡದಲ್ಲಿ ನಡೆದ ಯುದ್ಧ ನವಸಾರಿಯ ಒಂದು ಮನೆಯನ್ನ ಮೇಲಕ್ಕೆ ಎತ್ತಿತು, ಅದೇ ಯುದ್ಧ ಮುಗಿದದ್ದಕ್ಕೆ ಆ ಮನೆ ಕೆಳಗೂ ಬಿತ್ತು. ಮತ್ತೆ ಎದ್ದು ನಿಂತಿದ್ದು ಕೂಡ ಒಂದು ಯುದ್ಧದಿಂದಲೇ. 1868ರಲ್ಲಿ ಬ್ರಿಟಿಷರು ಅಬಿಸೀನಿಯಾ ಮೇಲೆ, ಅಂದರೆ ಈಗಿನ ಇಥಿಯೋಪಿಯಾ ಮೇಲೆ ದಂಡೆತ್ತಿ ಹೋದಾಗ, ಸೈನ್ಯಕ್ಕೆ ಸಾಮಾನು ಪೂರೈಸುವ ಗುತ್ತಿಗೆಯಲ್ಲಿ ನುಸ್ಸರ್‌ವಾನ್‌ಜಿ ಪಾಲುದಾರರಾಗಿದ್ದರು. ಯುದ್ಧ ಬೇಗ ಮುಗೀತು, ಲಾಭ ಚೆನ್ನಾಗಿ ಬಂತು. ಅದೇ ವರ್ಷ 29 ವರ್ಷದ ಜಮ್ಶೆಡ್‌ಜಿ 21,000 ರೂಪಾಯಿ ಬಂಡವಾಳ ಹಾಕಿ ತಮ್ಮದೇ ವ್ಯಾಪಾರ ಸಂಸ್ಥೆ ಶುರು ಮಾಡಿದರು. ಈಗಿನ ಟಾಟಾ ಸಮೂಹ ತನ್ನ ಹುಟ್ಟನ್ನ ಲೆಕ್ಕ ಹಾಕೋದು ಈ 1868ರಿಂದಲೇ.

ನಾಗ್ಪುರದ ಜೌಗು ನೆಲ

ಬಾಂಬೆಯಲ್ಲಿ ಆಗಲೇ ಮಿಲ್‌ಗಳು ಬಂದಿದ್ದವು. ಮೊದಲನೆಯದನ್ನ 1854ರಲ್ಲಿ ಸ್ಥಾಪಿಸಿದ್ದು ಇನ್ನೊಬ್ಬ ಪಾರ್ಸಿ, ಕಾವಸ್‌ಜಿ ದಾವರ್. ಜಮ್ಶೆಡ್‌ಜಿ ಕೂಡ ಚಿಂಚ್‌ಪೋಕ್ಲಿಯಲ್ಲಿ ಮುಚ್ಚಿಹೋಗಿದ್ದ ಒಂದು ಎಣ್ಣೆ ಗಿರಣಿ ಕೊಂಡು, ಅದನ್ನ ನೂಲಿನ ಮಿಲ್ ಮಾಡಿ, ಎರಡು ವರ್ಷಕ್ಕೆ ಲಾಭಕ್ಕೆ ಮಾರಿದರು. ಆಮೇಲೆ ಲ್ಯಾಂಕಾಷೈರ್‌ಗೆ ಹೋಗಿ ಮಿಲ್ ಕೆಲಸ ಹೇಗೆ ನಡೆಯುತ್ತೆ ಅಂತ ನೋಡಿಕೊಂಡು ಬಂದರು.

ಬಂದವರು ಬಾಂಬೆ ಬಿಟ್ಟು ನಾಗ್ಪುರ ಆರಿಸಿಕೊಂಡಾಗ ಜನ ನಕ್ಕರು. ಅವರ ಲೆಕ್ಕ ಮಾತ್ರ ಎಂಜಿನಿಯರ್ ಮಾಡುವಂಥದ್ದೇ. ಹತ್ತಿ ಬೆಳೆಯುವ ನೆಲ ಹತ್ತಿರ, ವರೋರಾದ ಕಲ್ಲಿದ್ದಲು ಹತ್ತಿರ, ರೈಲು ಬಂದಿದೆ, ಜಾಗ ಅಗ್ಗ. ಸಿಕ್ಕ ಜಾಗ ಮಾತ್ರ ಜೌಗು. ಅದನ್ನ ಮಣ್ಣು ತುಂಬಿ ಗಟ್ಟಿ ಮಾಡಬೇಕಿತ್ತು. ಸ್ಥಳೀಯ ಮಾರವಾಡಿ ಸಾಹುಕಾರರೊಬ್ಬರು, ದುಡ್ಡನ್ನ ನೆಲಕ್ಕೆ ಹಾಕೋ ಈ ಕೆಲಸಕ್ಕೆ ನಾನು ಸಾಲ ಕೊಡಲ್ಲ ಅಂದರಂತೆ. ಮಿಲ್ ಲಾಭ ಕೊಡಲು ಶುರು ಮಾಡಿದ ಮೇಲೆ, ಆ ಮನುಷ್ಯ ಹಾಕಿದ್ದು ಮಣ್ಣಲ್ಲ, ಬಂಗಾರ ಅಂತ ಅವರೇ ಒಪ್ಪಿಕೊಂಡರಂತೆ.

ಮಿಲ್ ಶುರುವಾಗಿದ್ದು 1877ರ ಜನವರಿ 1ರಂದು. ಅದೇ ದಿನ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನ ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದರು. ಹಾಗಾಗಿ ಮಿಲ್‌ಗೆ ಎಂಪ್ರೆಸ್ ಮಿಲ್ಸ್ ಅಂತ ಹೆಸರು. ಮ್ಯಾನೇಜರ್ ಬೆಜೋನ್‌ಜಿ ಮೆಹ್ತಾ ರೈಲ್ವೆಯಲ್ಲಿ ಸರಕು ವಿಭಾಗ ನೋಡಿಕೊಂಡಿದ್ದವರು. ನೂಲಿನ ಬಗ್ಗೆ ಗೊತ್ತಿಲ್ಲದಿದ್ದರೂ ಜನರನ್ನ ನಡೆಸೋದು ಗೊತ್ತಿತ್ತು.

ಮೆಕ್ಯಾನಿಕಲ್‌ನವರಿಗೆ ಇಲ್ಲೊಂದು ಸ್ವಾರಸ್ಯ ಇದೆ. ಆಗ ಇಂಗ್ಲೆಂಡಿನ ಮಿಲ್‌ಗಳಲ್ಲಿ ಮ್ಯೂಲ್ ಅನ್ನೋ ಯಂತ್ರ ನಡೀತಿತ್ತು. ಅದು ಎಳೆಯನ್ನ ಎಳೆದು ಹೊಸೆಯುತ್ತೆ, ನಿಲ್ಲುತ್ತೆ, ಆಮೇಲೆ ಸುತ್ತುತ್ತೆ. ರಿಂಗ್ ಫ್ರೇಮ್‌ನಲ್ಲಿ ಹೊಸೆಯುವುದೂ ಸುತ್ತುವುದೂ ಒಟ್ಟಿಗೆ, ನಿಲ್ಲದೆ ನಡೆಯುತ್ತೆ. ಲ್ಯಾಂಕಾಷೈರ್ ತನ್ನ ಹಳೇ ಯಂತ್ರ ಬಿಡಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ನಾಗ್ಪುರ ರಿಂಗ್ ಸ್ಪಿಂಡಲ್ ತರಿಸಿ ಪ್ರಯೋಗ ಮಾಡಿ ಗೆದ್ದಿತು. ಹೊಸಬರಿಗೆ ಇರೋ ಒಂದು ಅನುಕೂಲ ಇದು. ಹಳೇದರಲ್ಲಿ ದುಡ್ಡು ಸಿಕ್ಕಿಹಾಕಿಕೊಂಡಿರುವುದಿಲ್ಲ.

ಕಾರ್ಮಿಕರು ಹಳ್ಳಿಗಳಿಂದ ಬಂದವರು. ಹೊಲದ ಕೆಲಸಕ್ಕೆ ಒಗ್ಗಿದವರಿಗೆ ಸೈರನ್ ಕೂಗಿದಾಗ ಬರುವ ಅಭ್ಯಾಸ ಇರಲಿಲ್ಲ. ಹಬ್ಬ ಬಂದರೆ, ಸುಗ್ಗಿ ಬಂದರೆ ಊರಿಗೆ ಹೊರಟುಬಿಡುತ್ತಿದ್ದರು. ದಂಡ ಹಾಕಿ ಓಡಿಸುವ ಬದಲು, ತಪ್ಪದೆ ಬಂದವರಿಗೆ ಬಹುಮಾನ ಇಟ್ಟರು. ಒಳಗೆ ಗಾಳಿ, ತೇವ ಸರಿಯಾಗಿರಲು ಯಂತ್ರ ಹಾಕಿಸಿದರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂತು. ಇದರಲ್ಲಿ ದಯೆ ಎಷ್ಟು, ಲೆಕ್ಕಾಚಾರ ಎಷ್ಟು ಅಂತ ಬೇರ್ಪಡಿಸೋದು ಕಷ್ಟ. ಎರಡೂ ಇತ್ತು ಅನ್ನಿಸುತ್ತೆ. ಏನೇ ಇರಲಿ, ವಲಸೆ ಬಂದವರನ್ನ ಒಂದು ಊರಿನವರಾಗಿ ಮಾಡೋಕೆ ಕೂಲಿ ಒಂದೇ ಸಾಲದು ಅಂತ ಅವರು ಅರ್ಥ ಮಾಡಿಕೊಂಡಿದ್ದರು.

ಸ್ವದೇಶಿ ಅನ್ನೋ ಹೆಸರು

ಒಂಬತ್ತು ವರ್ಷ ದಾಟಿದರೆ ಹೆಸರೇ ಬದಲಾಯ್ತು. 1886ರಲ್ಲಿ ಬಾಂಬೆಯ ಕುರ್ಲಾದಲ್ಲಿ ಹಾಳುಬಿದ್ದಿದ್ದ ಒಂದು ಮಿಲ್ ಕೊಂಡು, ಅದಕ್ಕೆ ಸ್ವದೇಶಿ ಮಿಲ್ಸ್ ಅಂತ ಹೆಸರಿಟ್ಟರು. ಎಂಪ್ರೆಸ್‌ನಿಂದ ಸ್ವದೇಶಿಗೆ! ಬಂಗಾಳ ವಿಭಜನೆಯ ಸ್ವದೇಶಿ ಚಳವಳಿಗೆ ಇನ್ನೂ ಸುಮಾರು 20 ವರ್ಷ ಇತ್ತು. ಮಿಲ್ ಮಾತ್ರ ಕಾಡಿಸಿತು. ಯಂತ್ರ ಕೆಟ್ಟಿದ್ದವು, ಚೀನಾದ ಕಡೆ ಕಳಿಸಿದ ನೂಲು ಚೆನ್ನಾಗಿಲ್ಲ ಅಂತ ದೂರು ಬಂತು, ಬ್ಯಾಂಕ್ ಸಾಲ ಕೊಡಲಿಲ್ಲ. ಜಮ್ಶೆಡ್‌ಜಿ ಕುಟುಂಬಕ್ಕೆ ಇಟ್ಟಿದ್ದ ದುಡ್ಡನ್ನೂ ತೆಗೆದು ಹಾಕಿ ಅದನ್ನ ದಡ ಸೇರಿಸಿದರು.

ಹಡಗಿನ ಜಗಳ ಇನ್ನೂ ಸ್ವಾರಸ್ಯದ್ದು. ಬಾಂಬೆಯ ನೂಲು ಚೀನಾ, ಜಪಾನ್‌ಗೆ ಹೋಗುತ್ತಿತ್ತು. ಆ ದಾರಿಯಲ್ಲಿ ಇಂಗ್ಲಿಷ್ ಕಂಪನಿ ಪಿ ಅಂಡ್ ಓ ಮತ್ತು ಅದರ ಜೊತೆಗಾರರದ್ದೇ ದರ್ಬಾರು. ಟನ್ನಿಗೆ 19 ರೂಪಾಯಿಯ ಆಸುಪಾಸು ಬಾಡಿಗೆ. 1893ರಲ್ಲಿ ಜಮ್ಶೆಡ್‌ಜಿ ಜಪಾನ್‌ಗೆ ಹೋಗಿ ನಿಪ್ಪಾನ್ ಯೂಸೆನ್ ಕೈಶಾ ಜೊತೆ ಒಪ್ಪಂದ ಮಾಡಿಕೊಂಡರು. ಟಾಟಾ ಲೈನ್ ಅಂತ ಹೆಸರಿಟ್ಟು, ಬಾಡಿಗೆಗೆ ಹಡಗು ತಗೊಂಡು, 12 ರೂಪಾಯಿಗೆ ಸಾಗಿಸ್ತೀವಿ ಅಂದರು. ಎದುರಿನವರು ದರವನ್ನ ಎರಡು ರೂಪಾಯಿಗಿಂತ ಕೆಳಕ್ಕೆ ಇಳಿಸಿದರು. ಮೊದಲು ಬೆಂಬಲ ಕೊಟ್ಟಿದ್ದ ಬಾಂಬೆಯ ವ್ಯಾಪಾರಿಗಳೇ ಅಗ್ಗದ ಹಡಗಿಗೆ ಹೋದರು. ಟಾಟಾ ಲೈನ್ ಮುಚ್ಚಿತು. ದೇಶ ಅನ್ನೋ ಭಾವನೆ ಟನ್ನಿಗೆ ಹತ್ತು ರೂಪಾಯಿ ವ್ಯತ್ಯಾಸದ ಮುಂದೆ ನಿಲ್ಲಲಿಲ್ಲ ಅನ್ನೋದು ಈ ಕಥೆಯ ಕಹಿ ಭಾಗ. ಆದರೆ ಜಪಾನಿನ ಕಂಪನಿಯ ಬಾಂಬೆ ಮಾರ್ಗ ಉಳಿದುಕೊಂಡಿತು.

ಅದೇ ವರ್ಷ ಯೊಕೊಹಾಮಾದಿಂದ ವ್ಯಾಂಕೂವರ್‌ಗೆ ಹೋಗುವ ಹಡಗಿನಲ್ಲಿ ಅವರ ಜೊತೆ ಒಬ್ಬ ಯುವ ಸನ್ಯಾಸಿ ಇದ್ದರು, ಷಿಕಾಗೋ ಧರ್ಮ ಸಮ್ಮೇಳನಕ್ಕೆ ಹೊರಟಿದ್ದ ವಿವೇಕಾನಂದರು. ಐದು ವರ್ಷದ ನಂತರ, 1898ರ ನವೆಂಬರ್‌ನಲ್ಲಿ, ಜಮ್ಶೆಡ್‌ಜಿ ಆ ಪ್ರಯಾಣವನ್ನ ನೆನಪಿಸಿ ವಿವೇಕಾನಂದರಿಗೆ ಪತ್ರ ಬರೆದರು. ತಾವು ಯೋಚಿಸಿರುವ ವಿಜ್ಞಾನ ಸಂಸ್ಥೆಯ ಪರವಾಗಿ ಜನರಲ್ಲಿ ಹುಮ್ಮಸ್ಸು ಮೂಡಿಸಬೇಕು ಅಂತ ಕೇಳಿಕೊಂಡರು.

ಇನ್ನೊಂದು ಬದಲಾವಣೆಯೂ ಗಮನಿಸಬೇಕು. 1892ರಲ್ಲಿ ವಿದೇಶದಲ್ಲಿ ಓದಲು ಸಾಲ ಕೊಡುವ ನಿಧಿಯೊಂದನ್ನ ಅವರು ಸ್ಥಾಪಿಸಿದರು. ಮೊದಲು ಅದು ಪಾರ್ಸಿಗಳಿಗೆ ಮಾತ್ರ ಇತ್ತು. ಎರಡು ವರ್ಷಕ್ಕೆ ಅದನ್ನ ಎಲ್ಲ ಭಾರತೀಯರಿಗೂ ತೆರೆದರು. ನಮ್ಮವರು ಅನ್ನೋ ಪದದ ಅಳತೆ ಒಬ್ಬ ಮನುಷ್ಯನ ಜೀವನದಲ್ಲೇ ಹೀಗೆ ದೊಡ್ಡದಾಯಿತು.

ಮೈಸೂರಿನ ನಂಟು

ಈಗ ನಮ್ಮ ಕಡೆಗೆ ಬರೋಣ. ಜಪಾನಿನಲ್ಲಿ ರೇಷ್ಮೆ ಕೆಲಸ ನೋಡಿದ್ದ ಜಮ್ಶೆಡ್‌ಜಿಗೆ ಮೈಸೂರಿನ ಹವಾಮಾನ ಅದಕ್ಕೆ ಸರಿ ಅನ್ನಿಸಿತು. ಇಲ್ಲಿ ರೇಷ್ಮೆ ಟಿಪ್ಪು ಕಾಲದಿಂದಲೇ ಇತ್ತು, ಆದರೆ ಸೊರಗಿತ್ತು. ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಒಂದು ತೋಟ ಮಾಡಿ, ಜಪಾನಿನಿಂದ ಬಲ್ಲವರನ್ನ ಕರೆಸಿ, ಹುಳು ಸಾಕುವುದು, ರೋಗ ತಡೆಯುವುದು, ನೂಲು ತೆಗೆಯುವುದನ್ನ ಇಲ್ಲಿಯವರಿಗೆ ಕಲಿಸಿದರು. ಅದೇ ಆ ಟಾಟಾ ಸಿಲ್ಕ್ ಫಾರ್ಮ್. ಮುಂದೆ ಅದು ಸಾಲ್ವೇಶನ್ ಆರ್ಮಿ ಕೈಗೆ ಹೋಯಿತು.

ಮೈಸೂರಿನ ಜೊತೆ ಬೀಗತನವೂ ಆಯ್ತು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಪಾರ್ಸಿ, ಹೊರ್ಮಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿಯನ್ನ ದೊಡ್ಡ ಮಗ ದೊರಾಬ್‌ಜಿ 1898ರಲ್ಲಿ ಮದುವೆಯಾದರು. ಅಣುವಿಜ್ಞಾನಿ ಹೋಮಿ ಭಾಭಾ ಅವರಿಗೆ ಈಕೆ ಸೋದರತ್ತೆ.

ವಿಜ್ಞಾನ ಸಂಸ್ಥೆಗೆ ಜಮ್ಶೆಡ್‌ಜಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಎತ್ತಿಟ್ಟರು. ವೈಸರಾಯ್ ಕರ್ಜನ್‌ಗೆ ಅನುಮಾನ: ಓದೋಕೆ ಹುಡುಗರು ಸಿಗ್ತಾರಾ, ಓದಿದವರಿಗೆ ಕೆಲಸ ಸಿಗುತ್ತಾ? (ನಮ್ಮ ಪ್ಲೇಸ್‌ಮೆಂಟ್ ಚಿಂತೆ ಅಷ್ಟು ಹಳೇದು.) ಜಾಗ ನೋಡಲು ಲಂಡನ್ನಿನಿಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದರು. ಅವರು ಸೂಚಿಸಿದ್ದು ಬೆಂಗಳೂರು. ಆಗ ಮೈಸೂರಿನಲ್ಲಿ ರೀಜೆಂಟ್ ಆಗಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ, ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಸಂಸ್ಥಾನ 371 ಎಕರೆ ಜಾಗ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷ ವರ್ಷ 50 ಸಾವಿರ ರೂಪಾಯಿ ಕೊಡಲು ಮುಂದೆ ಬಂತು. ಶೇಷಾದ್ರಿ ಅಯ್ಯರ್ ಕೂಡ ಪಾಲಕ್ಕಾಡ್ ಕಡೆಯಿಂದ ಕೆಲಸಕ್ಕೆ ಅಂತ ಮೈಸೂರಿಗೆ ಬಂದವರು.

ಇಷ್ಟು ಜನರನ್ನ ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಗುಜರಾತಿನಲ್ಲಿ ಹುಟ್ಟಿದ ಪಾರ್ಸಿಯ ದುಡ್ಡು, ಸ್ಕಾಟ್ಲೆಂಡಿನ ವಿಜ್ಞಾನಿಯ ಸಲಹೆ, ಮಲಬಾರಿನಿಂದ ಬಂದ ದಿವಾನರ ಆಸ್ಥೆ, ಕನ್ನಡ ನಾಡಿನ ನೆಲ ಮತ್ತು ತೆರಿಗೆ. ಇವುಗಳಲ್ಲಿ ಒಂದು ತಪ್ಪಿದ್ದರೂ ನಮ್ಮ ಬೆಂಗಳೂರು ಹೀಗಿರುತ್ತಿರಲಿಲ್ಲ. ಆ ಕೊನೆಯದನ್ನ, ಅಂದರೆ ನೆಲ ಮತ್ತು ತೆರಿಗೆಯನ್ನ, ನಾವು ಮರೆಯಬಾರದು. ಹೊರಗಿಂದ ಬಂದವರ ಹೆಸರು ಊರಿಗೆ ಅಂಟಿಕೊಳ್ಳುತ್ತೆ. ಜಾಗ ಕೊಟ್ಟ ಊರಿನ ಪಾಲು ಅಷ್ಟು ಸುಲಭವಾಗಿ ನೆನಪಾಗೋದಿಲ್ಲ.

ಕಣ್ಣಾರೆ ನೋಡದ ಊರು

ಉಕ್ಕಿನ ಕನಸು ಅವರಿಗೆ 1882ರಿಂದ ಇತ್ತು. ಚಂದಾ ಜಿಲ್ಲೆಯ ಅದಿರಿನ ಬಗ್ಗೆ ಜರ್ಮನ್ ತಜ್ಞರೊಬ್ಬರ ವರದಿ ಓದಿದ ಮೇಲೆ ಹತ್ತಿದ ಹುಚ್ಚು ಅದು. ಆಗಿನ ಗಣಿ ನಿಯಮಗಳು ಬಿಗಿಯಾಗಿದ್ದವು. ಕರ್ಜನ್ ಕಾಲದಲ್ಲಿ ಸಡಿಲವಾದ ಮೇಲೆ, 1902ರಲ್ಲಿ 63ರ ವಯಸ್ಸಿನ ಜಮ್ಶೆಡ್‌ಜಿ ಅಮೆರಿಕಕ್ಕೆ ಹೋದರು. ಪಿಟ್ಸ್‌ಬರ್ಗ್ ಸುತ್ತಿದರು. ನ್ಯೂಯಾರ್ಕ್‌ನಲ್ಲಿ ಚಾರ್ಲ್ಸ್ ಪೆರಿನ್ ಅನ್ನೋ ಎಂಜಿನಿಯರ್ ಕಚೇರಿಗೆ ನೇರವಾಗಿ ಹೋಗಿ, ಭಾರತಕ್ಕೆ ಬಂದು ಉಕ್ಕಿನ ಕಾರ್ಖಾನೆ ಕಟ್ಟಿಕೊಡಿ ಅಂದರು. ಪೆರಿನ್ ಒಪ್ಪಿದರು. ಅದೇ ಕಾಲದಲ್ಲಿ ಮಗನಿಗೆ ಬರೆದ ಪತ್ರದಲ್ಲಿ, ಇನ್ನೂ ಜಾಗವೇ ಗೊತ್ತಾಗದ ಊರಿನ ಬಗ್ಗೆ ಸೂಚನೆ ಕೊಟ್ಟಿದ್ದರು: ಬೀದಿ ಅಗಲವಾಗಿರಲಿ, ಬೇಗ ಬೆಳೆಯುವ ನೆರಳಿನ ಮರ ನೆಡಿ, ಆಟದ ಮೈದಾನ ಬಿಡಿ, ಗುಡಿಗೂ ಮಸೀದಿಗೂ ಚರ್ಚಿಗೂ ಜಾಗ ಇಡಿ. ಕೆಲಸಕ್ಕೆ ಬರುವವರು ನಾನಾ ಕಡೆಯವರು, ನಾನಾ ದೇವರನ್ನ ಪೂಜಿಸುವವರು ಅಂತ ಅವರಿಗೆ ಗೊತ್ತಿತ್ತು.

1903ರ ಡಿಸೆಂಬರ್‌ನಲ್ಲಿ ಬಾಂಬೆಯ ತಾಜ್ ಹೋಟೆಲ್ ಬಾಗಿಲು ತೆರೆಯಿತು. ಅವರು ಬದುಕಿದ್ದಾಗ ಮುಗಿದ ದೊಡ್ಡ ಕನಸು ಇದೊಂದೇ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿರುವ ಪಾರ್ಸಿ ಸ್ಮಶಾನದಲ್ಲಿ ಸಮಾಧಿ ಆಯ್ತು.

ಉಳಿದದ್ದನ್ನ ಮುಗಿಸಿದ್ದು ಮಕ್ಕಳು, ಜೊತೆಗಾರರು. ಮಯೂರ್‌ಭಂಜ್‌ನಲ್ಲಿ ಅದಿರು ಇದೆ ಅಂತ ಭೂವಿಜ್ಞಾನಿ ಪಿ.ಎನ್. ಬೋಸ್ ಬರೆದು ತಿಳಿಸಿದರು. 1907ರಲ್ಲಿ ಕಂಪನಿಗೆ ಬಂಡವಾಳ ಬೇಕಾದಾಗ ಲಂಡನ್ ಕೈಕೊಟ್ಟಿತು. ಸ್ವದೇಶಿ ಚಳವಳಿಯ ಕಾವಿನಲ್ಲಿ ಭಾರತೀಯರ ಹತ್ತಿರವೇ ಕೇಳಿದರು. ಸುಮಾರು 8,000 ಜನ ಮೂರು ವಾರದಲ್ಲಿ 16.3 ಲಕ್ಷ ಪೌಂಡ್‌ನಷ್ಟು ಷೇರು ಕೊಂಡರು. ಹಡಗಿನ ಜಗಳದಲ್ಲಿ ಕೈಬಿಟ್ಟ ಜನ 14 ವರ್ಷದಲ್ಲಿ ಬದಲಾಗಿದ್ದರು. 1912ರಲ್ಲಿ ಸಾಕ್ಚಿಯಲ್ಲಿ ಮೊದಲ ಉಕ್ಕು ಬಂತು. 1919ರಲ್ಲಿ ಆ ಊರಿಗೆ ಜಮ್ಶೆಡ್‌ಪುರ ಅಂತ ಹೆಸರಾಯ್ತು. ಬಿಹಾರ, ಬಂಗಾಳ, ಒಡಿಶಾ, ಪಂಜಾಬ್, ಆಂಧ್ರದಿಂದ ಜನ ಬಂದು ನೆಲೆಸಿದರು. ಆ ನೆಲದಲ್ಲಿ ಮೊದಲೇ ಇದ್ದ ಸಂತಾಲ, ಹೋ, ಭೂಮಿಜ ಜನರ ಹಳ್ಳಿಗಳು ಕಾರ್ಖಾನೆಯೊಳಗೆ, ಪೇಟೆಯೊಳಗೆ ಸೇರಿಹೋದವು. ಒಬ್ಬರಿಗೆ ಹೊಸ ಊರು ಹುಟ್ಟುವಾಗ ಇನ್ನೊಬ್ಬರ ಊರು ಹೋಗಿದ್ದೂ ಉಂಟು.

ನಮಗೆ ಇದರಲ್ಲಿ ಏನಿದೆ?

1908ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಒಂದು ಕೇಸ್ ತೀರ್ಮಾನವಾಯ್ತು. ಜಮ್ಶೆಡ್‌ಜಿ ಸಂಬಂಧಿ, ವ್ಯಾಪಾರದ ಜೊತೆಗಾರ ಆರ್.ಡಿ. ಟಾಟಾ ಫ್ರೆಂಚ್ ಹೆಣ್ಣುಮಗಳು ಸುಝಾನ್ ಅವರನ್ನ ಮದುವೆಯಾಗಿದ್ದರು. ಜೆ.ಆರ್.ಡಿ. ಟಾಟಾ ಇವರ ಮಗ. ಸುಝಾನ್ ಜರತುಷ್ಟ್ರ ಧರ್ಮಕ್ಕೆ ಸೇರಿದ್ದರು. ಹಾಗೆ ಸೇರಿದವರನ್ನ ಪಾರ್ಸಿ ಅನ್ನಬಹುದಾ ಅನ್ನೋದು ಪ್ರಶ್ನೆ. ಧರ್ಮಕ್ಕೆ ಸೇರಬಹುದು, ಆದರೆ ಪಾರ್ಸಿ ಆಗೋದು ಹುಟ್ಟಿನಿಂದ ಅಂತ ಕೋರ್ಟ್ ಹೇಳಿತು. ಒಂದು ಕಾಲದಲ್ಲಿ ಜಾಗ ಕೇಳಿಕೊಂಡು ಬಂದವರ ಮನೆಯ ಬಾಗಿಲಲ್ಲೇ, ಒಳಗೆ ಯಾರು, ಹೊರಗೆ ಯಾರು ಅನ್ನೋ ಪ್ರಶ್ನೆ ಬಂದು ನಿಂತಿತ್ತು.

ಹಾಗಾಗಿ ಈ ಪ್ರಶ್ನೆಗೆ ಹಾಲು ಸಕ್ಕರೆಯ ಕಥೆಯಷ್ಟು ಸುಲಭದ ಉತ್ತರ ಇಲ್ಲ ಅನ್ನಿಸುತ್ತೆ ನಮಗೆ. ಆ ಕಥೆಯಲ್ಲಿ ಸಕ್ಕರೆ ಮಾತ್ರ ಕರಗುತ್ತೆ. ಜಮ್ಶೆಡ್‌ಜಿ ಬದುಕಿನಲ್ಲಿ ಎರಡೂ ಬದಲಾದವು. ಬಂದವರು ಗುಜರಾತಿ ಕಲಿತು ಗುಜರಾತಿಗಳಾದರು, ಅವರ ವ್ಯಾಪಾರದಿಂದ ಬಾಂಬೆ ಬೇರೆ ಊರಾಯ್ತು. ಜಪಾನಿನ ರೇಷ್ಮೆ ಕೆಲಸ, ಅಮೆರಿಕದ ಎಂಜಿನಿಯರ್, ಚೀನಾದ ಲಾಭ ಎಲ್ಲಾ ಸೇರಿ, ನಾವು ಹೆಮ್ಮೆಯಿಂದ ಸ್ವದೇಶಿ ಅನ್ನೋದು ತಯಾರಾಯ್ತು.

ನಮ್ಮ ಹಾಸ್ಟೆಲ್‌ನಲ್ಲಿ ಅರ್ಧಕ್ಕರ್ಧ ಜನ ಬೇರೆ ರಾಜ್ಯದವರು. ಉಳಿದರ್ಧದಲ್ಲಿ ಎಷ್ಟೋ ಜನ ಜಿಆರ್‌ಇ ಬರೆದು ಬೇರೆ ದೇಶಕ್ಕೆ ಹೊರಡುವವರು. ಇವತ್ತು ಇಲ್ಲಿ ಊರವರಾಗಿರುವ ನಾವೇ ನಾಳೆ ಇನ್ಯಾರದೋ ಊರಿನಲ್ಲಿ ಹೊಸಬರು. ಹೊಸಬರಿಂದ ನಾವು ಏನು ಕೇಳಬಹುದು? ಸಂಜಾನ್‌ನ ಮೊದಲ ಷರತ್ತು ನ್ಯಾಯವಾದದ್ದೇ: ಇಲ್ಲಿನ ಭಾಷೆ ಕಲಿಯಿರಿ. ಕನ್ನಡ ಸಂಘದವರಾಗಿ ನಾವು ಅದನ್ನ ಸಂಕೋಚವಿಲ್ಲದೆ ಕೇಳ್ತೀವಿ, ಕಲಿಸೋಕೂ ಕೂತಿದ್ದೀವಿ. ಆದರೆ ನಿಮ್ಮ ಬೆಂಕಿ ಆರಿಸಿ ಬನ್ನಿ ಅಂತ ಕೇಳೋ ಹಕ್ಕು ನಮಗಿಲ್ಲ. ಅದನ್ನ ಉಳಿಸಿಕೊಂಡವರ ಮನೆಯ ಹುಡುಗನೊಬ್ಬ ಬೆಂಗಳೂರಿಗೆ ಏನು ಕೊಟ್ಟು ಹೋದರು ಅಂತ ಇಲ್ಲಿಯ ಯಾವ ಆಟೋದವರನ್ನ ಕೇಳಿದರೂ ದಾರಿ ತೋರಿಸ್ತಾರೆ.